ನಾಲೆ ಏರಿಯ ಮೇಲೆ 63 ಮಹಡಿ: ಒಂದು ವಾಚಿನ ಪ್ರಕರಣ

ಜುಲೈ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಶಿವಮೊಗ್ಗದಿಂದ ಭಾವನ ಫೋನ್ ಬಂತು.

"ಮಾರಾಯ್ತಿ, ಇವತ್ತು ನಾನು 63 ಮಹಡಿ ಹತ್ತಿದೀನಂತೆ. ವಾಚ್ ಹೇಳ್ತಾ ಇದೆ."

ಹಿಂದಿನಿಂದ ಅಕ್ಕನ ದನಿ ಕೇಳಿಸಿತು: "ಶಿವಮೊಗ್ಗದಲ್ಲಿ ಅಷ್ಟು ಮಹಡಿ ಕಟ್ಟಡ ಎಲ್ಲಿದೆ ಅಂತ ಕೇಳೇ ಅವರನ್ನ."

ಭಾವ ಓಡಿದ್ದು ಗಾಜನೂರಿನಿಂದ ಬರುವ ತುಂಗಾ ನಾಲೆಯ ಏರಿ ಮೇಲೆ. ಐದು ಕಿಲೋಮೀಟರ್ ಹೋಗಿ, ಅದೇ ದಾರಿಯಲ್ಲಿ ಐದು ಕಿಲೋಮೀಟರ್ ವಾಪಸ್. ನಾಲೆಯ ನೀರು ತಾನಾಗಿ ಹರಿಯಬೇಕು, ಆದರೆ ದಡ ಕೊರೆಯುವಷ್ಟು ಜೋರಾಗಿ ಹರಿಯಬಾರದು. ಹಾಗಾಗಿ ಅದರ ಇಳಿಜಾರು ಕಿಲೋಮೀಟರಿಗೆ ಗೇಣು–ಮೊಳದ ಲೆಕ್ಕದಲ್ಲಿರುತ್ತದೆ. ಅಂಥ ಏರಿಯ ಮೇಲೆ ವಾಚ್ ತೋರಿಸಿದ ಒಟ್ಟು ಏರು 190 ಮೀಟರ್. ಸಾಮಾನ್ಯವಾಗಿ ವಾಚ್‌ಗಳು ಮೂರು ಮೀಟರಿಗೆ ಒಂದು ಮಹಡಿ ಅಂತ ಎಣಿಸುತ್ತವೆ. ಅಲ್ಲಿಗೆ 63 ಆಯಿತು.

ನಕ್ಕು ಬಿಟ್ಟುಬಿಡಬಹುದಿತ್ತು. ಆದರೆ ಭಾವ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವರು. ತೂಕದಲ್ಲಿ ಒಂದು ಕೆಜಿ ಹೆಚ್ಚುಕಡಿಮೆ ಬಂದರೆ ರಾತ್ರಿ ನಿದ್ದೆ ಮಾಡುವುದಿಲ್ಲ. ಜೊತೆಗೆ ಇನ್ನೊಂದು ವಿಷಯ ಇತ್ತು. ಮಳೆಗಾಲ ಕಳೆದ ಮೇಲೆ ಗುಡ್ಡದ ಓಟ ಶುರು ಮಾಡಬೇಕು ಅಂತ ಅವರ ಆಸೆ. ಅದಕ್ಕೆ ತಿಂಗಳಿಗೆ ಎಷ್ಟು ಏರಿದೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಜೂನ್ ತಿಂಗಳ ಕೂಡಿಕೆ 3,800 ಮೀಟರ್. ಕೊಡಚಾದ್ರಿಯ ತುದಿ ಸಮುದ್ರ ಮಟ್ಟದಿಂದ 1,343 ಮೀಟರ್ ಎತ್ತರ. ಭಾವನ ಪುಸ್ತಕದ ಪ್ರಕಾರ ಅವರು ಒಂದೇ ತಿಂಗಳಲ್ಲಿ ಸಮುದ್ರದಿಂದ ಕೊಡಚಾದ್ರಿಗೆ ಹೆಚ್ಚುಕಡಿಮೆ ಮೂರು ಸಲ ಹತ್ತಿದ್ದರು, ಅದೂ ನಾಲೆ ಏರಿ ಬಿಟ್ಟು ಇಳಿಯದೆ. ಆದರೆ ನಮ್ಮೂರ ಗುಡ್ಡದ ಮೆಟ್ಟಿಲು ಒಂದು ಸಲ ಹತ್ತುವಷ್ಟರಲ್ಲಿ ಕಾಲು ನಡುಗಿ ಕೂತುಬಿಟ್ಟಿದ್ದರು. ಏರಿ ಮೇಲೆ ಈ ಏರು ಎಲ್ಲಿಂದ ಬಂತು ಅಂತ ಹುಡುಕಲೇಬೇಕಾಯಿತು.

ನಾನು ತೀರ್ಥಹಳ್ಳಿಯಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುವವಳು. ನಾನೂ ಓಡುತ್ತೇನೆ, ನನ್ನದೂ ಅಂಥದ್ದೇ ಒಂದು ವಾಚ್ ಇದೆ. ಅದಕ್ಕೇ ದೂರು ನನ್ನ ಹತ್ತಿರ ಬಂದದ್ದು.

ನಾನು ಮಾಡಿದ ಮೊದಲ ತಪ್ಪು

ರೀಸ್ಟಾರ್ಟ್, ಅಪ್‌ಡೇಟ್ ಎಲ್ಲ ಭಾವ ಮಾಡಿ ಮುಗಿಸಿದ್ದರು. ರಿಪೇರಿ ಅಂಗಡಿಯವರು ಹೊಸದು ತಗೊಳ್ಳಿ ಅಂದಿದ್ದರು. ನಾನು ಫೋನಿನಲ್ಲೇ ಗತ್ತಿನಿಂದ ಪರಿಹಾರ ಹೇಳಿಬಿಟ್ಟೆ: "ಆ್ಯಪ್‌ನಲ್ಲಿ ಎತ್ತರ ಸರಿಪಡಿಸುವ ಆಯ್ಕೆ ಇದೆ ಭಾವ. ಆನ್ ಮಾಡಿ. ವಾಚ್ ಹೇಳಿದ ಎತ್ತರ ಬಿಟ್ಟು ನಕ್ಷೆಯ ಎತ್ತರ ತಗೊಳ್ಳುತ್ತೆ."

190 ಇದ್ದದ್ದು 96ಕ್ಕೆ ಇಳಿಯಿತು. ನನಗೆ ಖುಷಿಯಾಯಿತು.

ಭಾವನಿಗೆ ಆಗಲಿಲ್ಲ. "ಅರ್ಧ ಸುಳ್ಳು ಹೋಯ್ತು ಸರಿ. ಉಳಿದ ಅರ್ಧ ನಿಜ ಅಂತ ಹೇಗೆ ಹೇಳ್ತೀಯ?"

ಹೇಳಲು ಬರಲಿಲ್ಲ. ಯಾಕೆಂದರೆ ಅದೂ ನಿಜ ಅಲ್ಲ. ಇಂಥ ನಕ್ಷೆಗಳಲ್ಲಿ ಬಹಳಷ್ಟಕ್ಕೆ ಮೂಲ 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ 11 ದಿನ ಭೂಮಿ ಸುತ್ತಿ ರೇಡಾರ್‌ನಿಂದ ಮಾಡಿದ ಅಳತೆ. ಅದು ನೆಲವನ್ನು ಸುಮಾರು 30 ಮೀಟರ್ ಅಗಲದ ಚೌಕಗಳಾಗಿ ನೋಡುತ್ತದೆ, ಒಂದು ಚೌಕಕ್ಕೆ ಒಂದೇ ಎತ್ತರ. ನಾಲೆ, ಅದರ ಏರಿ, ಕೆಳಗಿನ ಗದ್ದೆ ಎಲ್ಲ ಒಂದೇ ಚೌಕದಲ್ಲಿ ಸೇರಿಹೋಗಬಹುದು. ಮರ ದಟ್ಟವಾಗಿದ್ದ ಕಡೆ ರೇಡಾರ್ ಪೂರ್ತಿ ನೆಲ ಮುಟ್ಟಿಲ್ಲ, ಎಲ್ಲೋ ಮರದ ನಡುವೆಯೇ ನಿಂತಿದೆ. ಅಂದರೆ ಅಡಿಕೆ ತೋಟದ ಪಕ್ಕ ಓಡಿದರೆ ನೆಲ ಎದ್ದ ಹಾಗೆ, ಗದ್ದೆಯ ಪಕ್ಕ ಓಡಿದರೆ ನೆಲ ಬಿದ್ದ ಹಾಗೆ. ಇನ್ನು 2000ದಲ್ಲಿ ಗದ್ದೆಯಾಗಿದ್ದದ್ದು ಈಗ ಎಷ್ಟು ಕಡೆ ತೋಟವಾಗಿದೆ, ನಮ್ಮ ಕಡೆಯವರಿಗೆ ಹೇಳಬೇಕಾ?

ಘಾಟಿ ರಸ್ತೆಯಲ್ಲಿ ಈ ನಕ್ಷೆ ಇನ್ನೂ ಕೆಡುತ್ತದೆ. ತಿರುವಿನಲ್ಲಿ ಜಿಪಿಎಸ್ ಹತ್ತು ಹದಿನೈದು ಮೀಟರ್ ಪಕ್ಕಕ್ಕೆ ಸರಿದರೆ ಸಾಕು, ನೀವು ರಸ್ತೆ ಬಿಟ್ಟು ಮೇಲಿನ ಧರೆಯ ಮೇಲೋ ಕೆಳಗಿನ ಕಣಿವೆಯಲ್ಲೋ ಇದ್ದೀರಿ ಅಂತ ಲೆಕ್ಕ ಹಾಕುತ್ತದೆ. ಆ ಆಯ್ಕೆಯನ್ನು ಆಫ್ ಮಾಡಿಸಿದೆ. ಮುಂದಿನ ಶನಿವಾರ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋದೆ.

ಮನೆ ಮುಳುಗಿದ ದಿನ

ಮೊದಲು ವಾಚನ್ನು ಓಡಿಸುವುದು ಬೇಡ, ಸುಮ್ನೆ ಕೂರಿಸೋಣ ಅಂದೆ. ಭಾವನ ಇನ್ನೊಂದು ದೂರು ಅದಕ್ಕೇ ಸಂಬಂಧಪಟ್ಟಿತ್ತು. ಬೆಳಿಗ್ಗೆ ಗೇಟಿನಿಂದ ಹೊರಟು ಅದೇ ಗೇಟಿಗೆ ಬಂದು ನಿಂತರೆ, ಗೇಟು ಎಂಟು ಹತ್ತು ಮೀಟರ್ ಕೆಳಗೆ ಹೋಗಿರುತ್ತದೆ. ದಿನವೂ ಕೆಳಗೇ, ಮೇಲೆ ಹೋಗುವುದು ತೀರಾ ಅಪರೂಪ.

ಶನಿವಾರ ರಾತ್ರಿಯಿಂದ ವಾಚನ್ನು ಪಡಸಾಲೆಯ ಮೇಜಿನ ಮೇಲಿಟ್ಟೆವು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಒಂದು ಸಲ ನೋಡಿದೆ. ಹತ್ತಕ್ಕೆ, ಮತ್ತೆ ಸಂಜೆ ನಾಲ್ಕಕ್ಕೆ ನೋಡಿದೆವು. ನಾಲ್ಕರಿಂದ ಹತ್ತರ ಒಳಗೆ ಮನೆ 26 ಮೀಟರ್ ಮುಳುಗಿತ್ತು. ಸಂಜೆ ನಾಲ್ಕಕ್ಕೆ ಮತ್ತೆ ಎದ್ದು ಮೊದಲಿನ ಜಾಗಕ್ಕೆ ಬಂದಿತ್ತು.

ವಾಚಿಗೆ ಎತ್ತರ ಗೊತ್ತಾಗುವುದಿಲ್ಲ. ಅದಕ್ಕೆ ಗೊತ್ತಾಗುವುದು ಗಾಳಿಯ ಒತ್ತಡ ಮಾತ್ರ. ಮೇಲೆ ಹೋದಷ್ಟೂ ತಲೆಯ ಮೇಲಿನ ಗಾಳಿ ಕಮ್ಮಿ, ಒತ್ತಡ ಕಮ್ಮಿ. ಸಮುದ್ರ ಮಟ್ಟದಲ್ಲಿ ಸರಾಸರಿ 1013.25 ಹೆಕ್ಟೋಪಾಸ್ಕಲ್ ಇರುವ ಒತ್ತಡ ಶಿವಮೊಗ್ಗದ ಎತ್ತರದಲ್ಲಿ 950ರ ಸುತ್ತಮುತ್ತ ಇರುತ್ತದೆ. ಇಲ್ಲಿ ಒಂದು ಹೆಕ್ಟೋಪಾಸ್ಕಲ್ ಇಳಿದರೆ ಸುಮಾರು ಒಂಬತ್ತು ಮೀಟರ್ ಏರಿದ ಹಾಗೆ ಅಂತ ವಾಚ್ ಲೆಕ್ಕ ಹಾಕುತ್ತದೆ. ಒತ್ತಡ ಬದಲಾಗಿದ್ದು ನೀವು ಹತ್ತಿದ್ದಕ್ಕೋ, ಗಾಳಿಯೇ ಬದಲಾದದ್ದಕ್ಕೋ ಅದಕ್ಕೆ ತಿಳಿಯದು.

ಗಾಳಿ ದಿನವೂ ಬದಲಾಗುತ್ತದೆ. ಸಮುದ್ರಕ್ಕೆ ಭರತ–ಇಳಿತ ಇರುವ ಹಾಗೆ ಗಾಳಿಗೂ ಇದೆ. ಸೂರ್ಯನ ಬಿಸಿಯಿಂದ ಹುಟ್ಟುವ ಅಲೆ ಅದು. ದಿನಕ್ಕೆ ಎರಡು ಸಲ, ಬೆಳಿಗ್ಗೆ ಹತ್ತರ ಹೊತ್ತಿಗೆ ಮತ್ತು ರಾತ್ರಿ ಹತ್ತರ ಹೊತ್ತಿಗೆ ಒತ್ತಡ ಏರುತ್ತದೆ. ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಮತ್ತು ಸಂಜೆ ನಾಲ್ಕರ ಹೊತ್ತಿಗೆ ಇಳಿಯುತ್ತದೆ. ತಂಪು ದೇಶಗಳಲ್ಲಿ ಈ ಅಲೆ ಸಣ್ಣದು, ಹವಾಮಾನದ ಗದ್ದಲದಲ್ಲಿ ಕಾಣುವುದೇ ಕಷ್ಟ. ನಮ್ಮಂಥ ಬಿಸಿ ನಾಡಿನಲ್ಲಿ ಗಡಿಯಾರದಷ್ಟು ನಿಯತ್ತು. ನಮ್ಮ ಮೇಜಿನ ಮೇಲೆ ಅವತ್ತು 2.8 ಹೆಕ್ಟೋಪಾಸ್ಕಲ್ ವ್ಯತ್ಯಾಸ ಬಂದಿತ್ತು. ಅದೇ ಆ 26 ಮೀಟರ್.

ಭಾವ ಓಡುವುದು ಬೆಳಿಗ್ಗೆ ಆರರಿಂದ ಏಳೂಕಾಲಿನವರೆಗೆ, ಒತ್ತಡ ಜೋರಾಗಿ ಏರುವ ಹೊತ್ತು. ಗೇಟು ಕೆಳಗೆ ಹೋಗದೆ ಇನ್ನೇನು? ಸಂಜೆ ಐದರ ಮೇಲೆ ಓಡಿದರೂ ಅದೇ ಕತೆ. ಮಟಮಟ ಮಧ್ಯಾಹ್ನ ಓಡುವವರಿಗೆ ಮಾತ್ರ ಗೇಟು ಮೇಲೆ ಹೋಗುತ್ತದೆ, ಆದರೆ ಅಂಥವರನ್ನು ಶಿವಮೊಗ್ಗದಲ್ಲಿ ನಾನು ಕಂಡಿಲ್ಲ.

ಈ ದೂರು ಹೀಗೆ ಬಗೆಹರಿಯಿತು. ಇದು ವಾಚಿನ ಕಾಯಿಲೆಯೇ ಅಲ್ಲ. ಆದರೆ ನಿಧಾನಕ್ಕೆ ಎಂಟು ಮೀಟರ್ ಇಳಿಯುವ ಅಲೆಯಿಂದ 190 ಮೀಟರ್ ಏರು ಹುಟ್ಟಲು ಸಾಧ್ಯವಿಲ್ಲ, ಅಲ್ವಾ? ಅದು ಬೇರೆ ಕಳ್ಳ.

ಒಂದು ತೂತು, ಒಂದು ಪಿನ್ನು, ಕೊಬ್ಬರಿ ಎಣ್ಣೆ

ಸೋಮವಾರ ರಜೆ ಹಾಕಿದ್ದೆ. ಪುಣ್ಯಕ್ಕೆ ಮಳೆ ಬಿಡುವು ಕೊಟ್ಟಿತ್ತು. ಭಾವನ ಎಡಗೈಗೆ ಅವರ ವಾಚ್, ಬಲಗೈಗೆ ನನ್ನದು ಕಟ್ಟಿ ಏರಿ ಮೇಲೆ ಓಡಿಸಿದೆ. ಅವರದು ಹೇಳಿದ್ದು 187. ನನ್ನದು 22.

ಎರಡೂ ವಾಚುಗಳ ಎತ್ತರದ ಗೆರೆಗಳನ್ನು ಲ್ಯಾಪ್‌ಟಾಪ್‌ನಲ್ಲಿ ಪಕ್ಕಪಕ್ಕ ಇಟ್ಟೆ. ನನ್ನದು ಮಲಗಿದ ಹಗ್ಗದ ಹಾಗಿತ್ತು. ಅವರದು ಗರಗಸ. ಎರಡು ಮೀಟರ್ ಮೇಲೆ, ಎರಡು ಮೀಟರ್ ಕೆಳಗೆ, ಮತ್ತೆ ಮೇಲೆ. ಒಟ್ಟು ಏರನ್ನು ಲೆಕ್ಕ ಹಾಕುವಾಗ ವಾಚ್ ಏರಿದ್ದನ್ನೆಲ್ಲ ಕೂಡುತ್ತದೆ, ಇಳಿದದ್ದನ್ನು ಕಳೆಯುವುದಿಲ್ಲ. ಭಾವನಿಗೆ ಮಂಡಿಯ ಭಾಷೆಯಲ್ಲೇ ಹೇಳಿದೆ: "ಚೀಲ ಇಡದೆ ತಕ್ಕಡಿ ಸುಮ್ನೆ ಅಲ್ಲಾಡಿದಾಗೆಲ್ಲ ತೂಕ ಬರೆದುಕೊಂಡರೆ ಸಂಜೆಗೆ ಎಷ್ಟು ಕ್ವಿಂಟಲ್ ಆಗುತ್ತೆ?" ಎರಡು ಮೀಟರಿನ ಸುಳ್ಳು ಏರು 95 ಸಲ ಬಂದರೆ 190 ಆಯಿತು. ಸಣ್ಣಪುಟ್ಟ ಅಲುಗಾಟವನ್ನು ಬಿಟ್ಟುಬಿಡಲು ವಾಚಿನಲ್ಲಿ ಜರಡಿ ಇರುತ್ತದೆ. ಭಾವನ ವಾಚಿನ ಅಲುಗಾಟ ಜರಡಿಯ ಕಣ್ಣಿಗಿಂತ ದೊಡ್ಡದಾಗಿತ್ತು.

ಯಾಕೆ ಅಂತ ನೋಡಲು ವಾಚನ್ನು ಬೆಳಕಿಗೆ ಹಿಡಿದೆ. ಒತ್ತಡದ ಸೆನ್ಸರ್ ಒಳಗಿರುತ್ತದೆ, ಅದಕ್ಕೆ ಗಾಳಿ ಹೋಗಲು ಪಕ್ಕದಲ್ಲಿ ಸಣ್ಣ ತೂತುಗಳಿರುತ್ತವೆ. ನನ್ನ ವಾಚಿನಲ್ಲಿ ಅವು ಕಾಣುತ್ತಿದ್ದವು. ಭಾವನ ವಾಚಿನಲ್ಲಿ ಕಂದು ಬಣ್ಣದ ಒಂದು ಪಟ್ಟಿ ಮಾತ್ರ ಕಂಡಿತು. ಓಟಕ್ಕೆ ಹೊರಡುವ ಮುಂಚೆ ಕೈಕಾಲಿಗೆ ಕೊಬ್ಬರಿ ಎಣ್ಣೆ ತಿಕ್ಕುವುದು ಅವರ ಅಭ್ಯಾಸ. ಅದಕ್ಕೆ ಬೆವರು ಸೇರಿ, ಹಗಲೆಲ್ಲ ಮಂಡಿಯ ಅಡಿಕೆ ದೂಳು ಸೇರಿ, ಒಳ್ಳೇ ಗಾರೆಯಾಗಿತ್ತು.

"ಮೊನ್ನೆ ಪಿನ್ನಿನಲ್ಲಿ ಕೆರೆದೆ, ಏನೂ ಬರಲಿಲ್ಲ" ಅಂದರು. ನನ್ನ ಎದೆ ಧಸಕ್ಕೆಂದಿತು. ಆ ತೂತಿನ ಒಳಗೆ ನೀರು ತಡೆಯುವ ತೆಳು ಪೊರೆ ಇರುತ್ತದೆ. ಪಿನ್ನು ಅದನ್ನು ಚುಚ್ಚಿದರೆ ವಾಚಿಗೆ ಮುಂದಿನ ಮಳೆಯೇ ಕೊನೆಯ ಮಳೆ. ನಮ್ಮ ಅದೃಷ್ಟಕ್ಕೆ ಗಾರೆ ಗಟ್ಟಿಯಾಗಿತ್ತು, ಪಿನ್ನು ಒಳಗೆ ಹೋಗಿರಲಿಲ್ಲ.

ತೂತು ಮುಚ್ಚಿದರೆ ಎತ್ತರ ಯಾಕೆ ಕುಣಿಯಬೇಕು ಅನ್ನುವುದು ನನಗೆ ಈ ಇಡೀ ಪ್ರಕರಣದಲ್ಲಿ ಎಲ್ಲಕ್ಕಿಂತ ರುಚಿಸಿದ ಭಾಗ. ಮುಚ್ಚಿದ ತೂತಿನ ಹಿಂದೆ ಚಿಟಿಕೆಯಷ್ಟು ಗಾಳಿ ಸಿಕ್ಕಿಬಿದ್ದಿರುತ್ತದೆ. ಮುಚ್ಚಿದ ಡಬ್ಬಿಯ ಗಾಳಿ ಬಿಸಿಯಾದರೆ ಒತ್ತಡ ಏರುತ್ತದೆ, ಇದು ಪಿಯುಸಿ ಪಾಠ. ಲೆಕ್ಕ ಹಾಕಿ ನೋಡಿ. ಒತ್ತಡ ಸುಮಾರು 945 ಹೆಕ್ಟೋಪಾಸ್ಕಲ್, ಉಷ್ಣತೆ ಕೆಲ್ವಿನ್ ಲೆಕ್ಕದಲ್ಲಿ ಸುಮಾರು 300. ಒಂದು ಡಿಗ್ರಿ ಬಿಸಿಯಾದರೆ ಒತ್ತಡ ಮೂರು ಹೆಕ್ಟೋಪಾಸ್ಕಲ್ ಏರುತ್ತದೆ. ಎತ್ತರದಲ್ಲಿ ಅದು 27–28 ಮೀಟರ್! ಒಂದೇ ಡಿಗ್ರಿಗೆ! ಪೂರ್ತಿ ಮುಚ್ಚಿದರೆ ಈ ಕತೆ. ಅರ್ಧಂಬರ್ಧ ಮುಚ್ಚಿದ್ದರೆ ಒತ್ತಡ ಏರಿ, ನಿಧಾನವಾಗಿ ಸೋರಿ, ಮತ್ತೆ ಏರುತ್ತದೆ. ಮರದ ನೆರಳಿಗೆ ಹೋದರೆ ತಂಪು, ಬಿಸಿಲಿಗೆ ಬಂದರೆ ಬಿಸಿ, ಕೈ ಬೀಸಿದಾಗ ಗಾಳಿ, ಮಣಿಕಟ್ಟಿನಿಂದ ಮೈಶಾಖ. ಪ್ರತಿಯೊಂದಕ್ಕೂ ಎತ್ತರ ಹಾರುತ್ತದೆ. ಭಾವ ಕೈಗೆ ಕಟ್ಟಿಕೊಂಡಿದ್ದದ್ದು ಎತ್ತರ ಅಳೆಯುವ ಯಂತ್ರವಲ್ಲ, ಒಂದು ಕೆಟ್ಟ ಥರ್ಮಾಮೀಟರು.

ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವ ಎರಡು ಹನಿ ಹಾಕಿ ವಾಚನ್ನು ಸ್ವಲ್ಪ ಹೊತ್ತು ನೆನೆಸಿದೆವು. ಮೆತ್ತನೆಯ ಬ್ರಷ್ಷಿನಿಂದ ಮೇಲೆಮೇಲೆ ಉಜ್ಜಿದೆವು. ಒಳಗೆ ಏನನ್ನೂ ತೂರಿಸಲಿಲ್ಲ. ಬರೀ ನೀರಿನಲ್ಲಿ ಚೆನ್ನಾಗಿ ತೊಳೆದು, ಕೊಡವಿ, ಬಟ್ಟೆಯ ಮೇಲೆ ರಾತ್ರಿಯಿಡೀ ಒಣಗಲು ಬಿಟ್ಟೆವು. ಅಕ್ಕ ಹೇರ್ ಡ್ರೈಯರ್ ತಂದಳು, ಬೇಡ ಅಂದೆ. ಬಿಸಿಗಾಳಿಯನ್ನು ಜೋರಾಗಿ ಊದಿದರೆ ಪೊರೆಗೆ ಪೆಟ್ಟು. ನೆನೆಸುವ ಕೆಲಸ ನೀರು ತಡೆಯುವ ವಾಚಿಗೆ ಮಾತ್ರ, ಗಾಜು ಬಿರುಕು ಬಿಟ್ಟಿದ್ದರೆ ಅದಕ್ಕೂ ಕೈ ಹಾಕಬೇಡಿ.

ಮಂಗಳವಾರದ ಓಟದಲ್ಲಿ 190 ಹೋಗಿ 48ಕ್ಕೆ ಬಂತು.

ಮಳೆಯ ದಿನದ ಕತೆ ಇದಕ್ಕೆ ಅಂಟಿಕೊಂಡದ್ದೇ. ಜಡಿಮಳೆಯಲ್ಲಿ ಓಡಿದಾಗ ಭಾವನ ವಾಚ್ ಇದ್ದಕ್ಕಿದ್ದಂತೆ 40 ಮೀಟರ್ ಹಾರಿ ಕೆಳಗೆ ಬೀಳುತ್ತಿತ್ತು. ತೂತಿನ ಮೇಲೆ ನೀರಿನ ಪದರ ಕೂತರೆ ಅದೂ ಒಂದು ಮುಚ್ಚಳವೇ. ಮೇಲಿಂದ ರೈನ್‌ಕೋಟಿನ ಎಲಾಸ್ಟಿಕ್ ತೋಳು ವಾಚಿನ ಮೇಲೆ ಬಿಗಿಯಾಗಿ ಕೂರುತ್ತಿತ್ತು, ಕೈ ಬೀಸಿದಾಗಲೆಲ್ಲ ಒಳಗಿನ ಗಾಳಿ ತಿದಿ ಒತ್ತಿದ ಹಾಗೆ. ಈಗ ವಾಚನ್ನು ತೋಳಿನ ಹೊರಗೆ ಕಟ್ಟುತ್ತಾರೆ, ನೀರು ಕೂತರೆ ಒಮ್ಮೆ ಕೈ ಝಾಡಿಸುತ್ತಾರೆ. ನಮ್ಮ ಮಳೆಗೆ ಇದಕ್ಕಿಂತ ಹೆಚ್ಚು ಮಾಡಲು ಆಗುವುದಿಲ್ಲ. 1946ರ ಆಗಸ್ಟ್ ಒಂದೇ ತಿಂಗಳಲ್ಲಿ ಆಗುಂಬೆಗೆ 4,508 ಮಿಲಿಮೀಟರ್ ಮಳೆ ಬಿದ್ದ ದಾಖಲೆ ಇದೆ. ಅಂಥ ಮಳೆಗೆ ಯಾವ ತೂತು ತಡೆದೀತು?

48 ಯಾಕೆ?

ನನ್ನ ವಾಚ್ 22 ಹೇಳಿದ್ದ ದಾರಿಗೆ ಅವರದು ಇನ್ನೂ 48 ಹೇಳುತ್ತಿತ್ತು. ಈಗ ಗರಗಸ ಇರಲಿಲ್ಲ. ಬದಲಿಗೆ ಗೆರೆ ಒಂದೊಂದು ಕಡೆ ಉದ್ದಕ್ಕೆ ಉಬ್ಬಿ ಇಳಿಯುತ್ತಿತ್ತು. ಆ ಉಬ್ಬುಗಳನ್ನು ನಕ್ಷೆಯ ಮೇಲೆ ಇಟ್ಟು ನೋಡಿದರೆ ಎಲ್ಲವೂ ಅಡಿಕೆ ತೋಟದ ಪಕ್ಕದಲ್ಲಿ.

ಸೆಟ್ಟಿಂಗ್ ನೋಡಿದೆ. ಓಟದ ನಡುವೆಯೂ ಜಿಪಿಎಸ್ ನೋಡಿ ಎತ್ತರವನ್ನು ತಾನಾಗಿ ತಿದ್ದಿಕೊಳ್ಳುವ ಆಯ್ಕೆ ಆನ್ ಇತ್ತು. ಕೇಳಲು ಒಳ್ಳೆಯದೇ. ಆದರೆ ಜಿಪಿಎಸ್ ಜಾಗ ಹೇಳುವಷ್ಟು ಚೆನ್ನಾಗಿ ಎತ್ತರ ಹೇಳುವುದಿಲ್ಲ. ಉಪಗ್ರಹಗಳೆಲ್ಲ ತಲೆಯ ಮೇಲೇ ಇರುತ್ತವೆ, ಕಾಲ ಕೆಳಗಿನಿಂದ ಅಳೆಯಲು ಒಂದೂ ಇಲ್ಲ. ನಾಲ್ಕೂ ದಿಕ್ಕಿಗೆ ಹಗ್ಗ ಕಟ್ಟಿದ ಕಂಬ ಆಚೀಚೆ ಅಲ್ಲಾಡುವುದಿಲ್ಲ. ಮೇಲಿನಿಂದ ಮಾತ್ರ ಎಳೆದರೆ ಮೇಲೆ ಕೆಳಗೆ ಜಗ್ಗುತ್ತದೆ. ಅಡ್ಡಕ್ಕೆ ಐದು ಮೀಟರ್ ತಪ್ಪುವ ಕಡೆ ಎತ್ತರದಲ್ಲಿ ಹತ್ತು ಹದಿನೈದು ತಪ್ಪಬಹುದು. ಒದ್ದೆ ಎಲೆಗಳ ಕೆಳಗೆ ಇನ್ನೂ ಜಾಸ್ತಿ. ಒತ್ತಡದ ಸೆನ್ಸರ್ ಸರಿಯಾಗಿ ಹೇಳುತ್ತಿದ್ದದ್ದನ್ನು ಜಿಪಿಎಸ್ ಪಕ್ಕದಲ್ಲಿ ಕೂತು ಎಳೆದಾಡುತ್ತಿತ್ತು.

ಓಟದ ನಡುವಿನ ತಿದ್ದುಪಡಿ ಆಫ್. ಬುಧವಾರದ ಲೆಕ್ಕ 17. ದಾರಿಯಲ್ಲಿ ಎರಡು ಸೇತುವೆಗಳ ಉಬ್ಬು ಇದೆ, ಏರಿ ಹತ್ತುವ ಸಣ್ಣ ದಿಬ್ಬ ಇದೆ. 17ನ್ನು ನಾನು ನಂಬಿದೆ.

ಪೇಪರಿನಲ್ಲಿ ಬರುವ 588.24

ಇಲ್ಲಿಗೆ ಮುಗಿಯಿತು ಅಂತ ನಾನು ತೀರ್ಥಹಳ್ಳಿಗೆ ವಾಪಸಾದೆ. ಹೊರಡುವಾಗ ಒಂದು ಮಾತು ಹೇಳಿದ್ದೆ: "ಇನ್ನು ಅದು ತಾನಾಗಿ ತಿದ್ದಿಕೊಳ್ಳೋದಿಲ್ಲ ಭಾವ. ಮನೆಯ ಎತ್ತರ ಎಷ್ಟು ಅಂತ ನೀವೇ ಒಂದು ಸಲ ಒತ್ತಿ ಕೊಡಿ." ಎಷ್ಟು ಒತ್ತಬೇಕು ಅಂತ ಹೇಳುವುದನ್ನು ಮರೆತೆ.

ಮಳೆಗಾಲದಲ್ಲಿ ನಮ್ಮ ಜಿಲ್ಲೆಯ ಪೇಪರುಗಳಲ್ಲಿ ದಿನವೂ ಜಲಾಶಯಗಳ ಮಟ್ಟ ಬರುತ್ತದೆ. ಗಾಜನೂರಿನ ತುಂಗಾ ಅಣೆಕಟ್ಟಿನ ಗರಿಷ್ಠ ಮಟ್ಟ 588.24 ಮೀಟರ್. ಇದು ಸಮುದ್ರ ಮಟ್ಟದಿಂದ ಲೆಕ್ಕ ಹಾಕಿದ್ದು. ಲಿಂಗನಮಕ್ಕಿಯ 1,819 ಅಡಿಯೂ ಹಾಗೇ. ಭದ್ರಾದ 186 ಅಡಿ ಮಾತ್ರ ಬೇರೆ ಲೆಕ್ಕ, ಅದನ್ನು ವಾಚಿಗೆ ಕೊಟ್ಟರೆ ಕೆಟ್ಟಿರಿ. ಗಾಜನೂರು ಚಿಕ್ಕ ಅಣೆಕಟ್ಟು, ಜುಲೈ ಮಳೆಗೆ ಬೇಗ ತುಂಬಿ ಗೇಟು ತೆಗೆಯುತ್ತಾರೆ. ಆಮೇಲೆ ನೀರು ವಾರಗಟ್ಟಲೆ ಹೆಚ್ಚುಕಡಿಮೆ ಅದೇ ಮಟ್ಟದಲ್ಲಿರುತ್ತದೆ. ಕೋಟಿ ಕೊಟ್ಟರೂ ಸಿಗದಷ್ಟು ದೊಡ್ಡ ರಸಮಟ್ಟ. ಅದರ ಹಿನ್ನೀರು ಸಕ್ರೆಬೈಲಿನ ಆನೆ ಬಿಡಾರದ ಹತ್ತಿರದವರೆಗೂ ಇದೆ. ತೀರ್ಥಹಳ್ಳಿ ರಸ್ತೆಯಲ್ಲಿ ಬರುವವರಿಗೆಲ್ಲ ಗೊತ್ತಿರುವ ಜಾಗ.

ಭಾವ ಪೇಪರು ನೋಡಿ, ಸ್ಕೂಟರ್ ಹತ್ತಿ, ನೀರಿನ ಅಂಚಿಗೆ ಹೋಗಿ ನಿಂತಿದ್ದಾರೆ. ವಾಚ್ ಹೇಳಿತು: 501.

"87 ಮೀಟರ್ ಖೋತಾ! ನಿನ್ನ ರಿಪೇರಿ ಹಿಂಗಾ?"

87 ಅಂದ ಕೂಡಲೇ ನನಗೆ ಹೊಳೆಯಿತು. "ಮನೆಯ ಎತ್ತರ ಎಲ್ಲಿಂದ ತಗೊಂಡಿರಿ?" ಫೋನಿನ ಒಂದು ಜಿಪಿಎಸ್ ಆ್ಯಪ್ ನೋಡಿ 490 ಅಂತ ಒತ್ತಿದ್ದರು.

ಜಿಪಿಎಸ್ ಸಮುದ್ರ ಮಟ್ಟದಿಂದ ಅಳೆಯುವುದಿಲ್ಲ. ಭೂಮಿಯನ್ನು ತುಸು ಚಪ್ಪಟೆಯಾದ ನುಣುಪು ಚೆಂಡು ಅಂತ ಇಟ್ಟುಕೊಂಡು, ಆ ಚೆಂಡಿನ ಮೈಯಿಂದ ಅಳೆಯುತ್ತದೆ. ನಿಜವಾದ ಸಮುದ್ರ ಮಟ್ಟ ನುಣುಪಲ್ಲ. ಭೂಮಿಯ ಸೆಳೆತ ಎಲ್ಲ ಕಡೆ ಒಂದೇ ಇಲ್ಲದ್ದರಿಂದ ಅದಕ್ಕೂ ಉಬ್ಬುತಗ್ಗು ಇದೆ. ಜಗತ್ತಿನಲ್ಲೇ ಆಳದ ತಗ್ಗು ನಮ್ಮ ಪಕ್ಕದಲ್ಲಿದೆ, ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ. ಅಲ್ಲಿ ಸಮುದ್ರ ಮಟ್ಟ ಆ ಚೆಂಡಿಗಿಂತ ನೂರು ಮೀಟರಿಗೂ ಕೆಳಗಿದೆ. ದಕ್ಷಿಣ ಭಾರತ ಆ ತಗ್ಗಿನ ಇಳಿಜಾರಿನಲ್ಲಿ ಕೂತಿದೆ. ನಮ್ಮ ಕಡೆ ವ್ಯತ್ಯಾಸ 80 ಮೀಟರಿಗೂ ಜಾಸ್ತಿ. ಒಳ್ಳೆಯ ವಾಚು, ಆ್ಯಪುಗಳು ಇದನ್ನು ಒಳಗೊಳಗೇ ಸರಿಮಾಡಿ ತೋರಿಸುತ್ತವೆ. ಕೆಲವು ಆ್ಯಪು ಹಸಿಹಸಿ ಲೆಕ್ಕವನ್ನೇ ಮುಂದಿಡುತ್ತವೆ. ಅಂಥ ಆ್ಯಪ್ ಹಿಡಿದು ಪಣಂಬೂರು ಬೀಚಿನಲ್ಲಿ ನಿಂತರೆ ನೀವು ಸಮುದ್ರದ ಮಟ್ಟದಿಂದ 80 ಮೀಟರಿಗೂ ಕೆಳಗೆ ನಿಂತಿರುತ್ತೀರಿ, ಅಲೆ ಕಾಲಿಗೆ ತಾಗುತ್ತಿದ್ದರೂ.

ನೀರಿನ ಅಂಚಿನಲ್ಲೇ ನಿಂತು 588 ಒತ್ತಿ ಅಂದೆ. ಒತ್ತಿ ಮನೆಗೆ ಬಂದರು. ಮನೆ 577 ತೋರಿಸಿತು. ಸ್ಕೂಟರಿನಲ್ಲಿ ಬರುವಾಗ ನಡುನಡುವೆ ಎಂಟು ಹತ್ತು ಮೀಟರ್ ಹಾರಿತು ಅಂತ ಮತ್ತೊಂದು ದೂರು ಹೇಳಿದರು. ಗಂಟೆಗೆ 50 ಕಿಲೋಮೀಟರ್ ವೇಗದ ಗಾಳಿ ನೇರ ತೂತಿಗೆ ಬಡಿದರೆ ಒಂದು ಹೆಕ್ಟೋಪಾಸ್ಕಲ್ ಒತ್ತಡ ಅದೇ ಕೊಡುತ್ತದೆ. ಓಡುವವರಿಗೆ ಅದು ಅರ್ಧ ಮೀಟರ್ ಕೂಡ ಇಲ್ಲ, ಬಿಟ್ಟುಬಿಡಿ ಅಂದೆ.

ಒಂದು ಮಾತು ಮಾತ್ರ ಅವರಿಗೆ ಒಪ್ಪಿಸಲು ಹೊತ್ತು ಹಿಡಿಯಿತು. ಈ 87 ಮೀಟರ್ ತಪ್ಪಿಗೂ ಒಟ್ಟು ಏರಿಗೂ ಸಂಬಂಧವಿಲ್ಲ. ಒಂದು ಕೆಜಿ ಹೆಚ್ಚು ತೋರಿಸುವ ತಕ್ಕಡಿಯಲ್ಲೂ ಎರಡು ಚೀಲಗಳ ನಡುವಿನ ವ್ಯತ್ಯಾಸ ಸರಿಯಾಗೇ ಬರುತ್ತದೆ. ತಕ್ಕಡಿ ಅಂದ ಮೇಲೆ ಒಪ್ಪಿದರು.

ಪ್ಯಾಸ್ಕಲ್‌ನ ಭಾವ, ನನ್ನ ಭಾವ

ಸಪಾಟು ದಾರಿಯಲ್ಲಿ ಏರಿಲ್ಲ ಅಂತ ಹೇಳುವುದು ಒಂದು, ನಿಜವಾದ ಏರನ್ನು ಸರಿಯಾಗಿ ಹೇಳುವುದು ಇನ್ನೊಂದು. ಜರಡಿ ಬಿಗಿಯಾದರೆ ನಿಜವಾದ ಏರೂ ಸೋರಿಹೋಗಬಹುದು. ಅದನ್ನು ನೋಡಲು ಭಾವನನ್ನು ನಮ್ಮೂರಿಗೆ ಕರೆಸಿದೆ. ಮನೆಯ ಹಿಂದಿನ ಗುಡ್ಡದ ಮೇಲೆ ಒಂದು ಗುಡಿ ಇದೆ, ಕಲ್ಲಿನ ಮೆಟ್ಟಿಲಿದೆ. ಹಿಂದಿನ ಸಂಜೆ ಟೇಪು ಹಿಡಿದು ಹತ್ತಿ ಎಣಿಸಿದ್ದೆ: 296 ಮೆಟ್ಟಿಲು, ಸರಾಸರಿ 17 ಸೆಂಟಿಮೀಟರ್. ಒಟ್ಟು 50.3 ಮೀಟರ್. ಇದಕ್ಕೆ ಉಪಗ್ರಹವೂ ಬೇಡ, ನಕ್ಷೆಯೂ ಬೇಡ.

ಈ ಪ್ರಯೋಗ ನನ್ನದಲ್ಲ. 1648ರ ಸೆಪ್ಟೆಂಬರ್ 19ರಂದು ಫ್ರಾನ್ಸಿನಲ್ಲಿ ಫ್ಲೋರಾಂ ಪೆರಿಯೆ ಅನ್ನುವವರು ಪಾದರಸದ ಕೊಳವೆ ಹೊತ್ತು ಪ್ವಿ ದ ದೋಮ್ ಬೆಟ್ಟ ಹತ್ತಿದರು. ಮೇಲೆ ಪಾದರಸ ಮೂರು ಇಂಚಿಗೂ ಹೆಚ್ಚು ಇಳಿದಿತ್ತು. ಹತ್ತಿಸಿದವರು ಬ್ಲೇಸ್ ಪ್ಯಾಸ್ಕಲ್, ಒತ್ತಡದ ಅಳತೆಗೆ ಈಗ ಹೆಸರಾಗಿರುವ ಅದೇ ಪ್ಯಾಸ್ಕಲ್. ಪೆರಿಯೆ ಅವರ ಅಕ್ಕನ ಗಂಡ. ಭಾವನನ್ನು ಬೆಟ್ಟ ಹತ್ತಿಸುವುದು ಹಳೆಯ ಪದ್ಧತಿ ಅಂತ ಅಕ್ಕನಿಗೂ ಹೇಳಿದೆ. ಆ ಪ್ರಯೋಗದಲ್ಲಿ ನನಗೆ ಇಷ್ಟವಾದದ್ದು ಇನ್ನೊಂದು. ಅವರು ಕೆಳಗೆ ಊರಿನಲ್ಲಿ ಇನ್ನೊಂದು ಕೊಳವೆ ಇಟ್ಟು, ಒಬ್ಬ ಪಾದ್ರಿಯನ್ನು ದಿನವಿಡೀ ಅದರ ಮುಂದೆ ಕೂರಿಸಿದ್ದರು. ಕೆಳಗೆ ಬದಲಾಗದೆ ಮೇಲೆ ಮಾತ್ರ ಬದಲಾದರೆ ತಾನೆ ಅದು ಎತ್ತರದ ಕೆಲಸ?

ಪಾದ್ರಿಯ ಕೆಲಸ ನನ್ನದಾಯಿತು. ಬೆಳಿಗ್ಗೆ ಆರೂಕಾಲಿನಿಂದ ಏಳೂಮುಕ್ಕಾಲಿನವರೆಗೆ ಕೆಳಗಿನ ಮೆಟ್ಟಿಲ ಮೇಲೆ ಕೂತು, ಜಿಗಣೆ ಕೀಳುತ್ತಾ, ಹತ್ತು ನಿಮಿಷಕ್ಕೊಮ್ಮೆ ಒತ್ತಡ ಬರೆದುಕೊಂಡೆ. ಭಾವ ಐದು ಸಲ ಹತ್ತಿ ಇಳಿದರು. ಮೆಟ್ಟಿಲ ಲೆಕ್ಕದಲ್ಲಿ 251.6 ಮೀಟರ್. ಅವರ ವಾಚ್ ಹೇಳಿದ್ದು 244. ಕೆಳಗೆ ನನ್ನ ಹತ್ತಿರ ಒತ್ತಡ ಒಂದು ಹೆಕ್ಟೋಪಾಸ್ಕಲ್ ಏರಿತ್ತು. ಅವರು ಕೊನೆಯ ಸಲ ಇಳಿದು ನಿಂತಾಗ ಅವರ ವಾಚಿನಲ್ಲಿ ಅದೇ ಮೆಟ್ಟಿಲು ಮೊದಲಿಗಿಂತ ಒಂಬತ್ತು ಮೀಟರ್ ಕೆಳಗಿತ್ತು. ಹತ್ತುವಾಗ ಆ ಅಲೆ ಕದ್ದ ನಾಲ್ಕೈದು ಮೀಟರನ್ನು ಸೇರಿಸಿದರೆ 244 ಹೋಗಿ 249ರ ಹತ್ತಿರ ಬರುತ್ತದೆ. ಟೇಪು ಹಿಡಿದ ನನ್ನ ಕೈ ಅದಕ್ಕಿಂತ ಹೆಚ್ಚು ತಪ್ಪಿರಬಹುದು.

ಭಾವ ಬೆವರು ಒರೆಸಿಕೊಳ್ಳುತ್ತಾ ಅಂಕಿ ನೋಡಿದರು. "ಬರೀ 244ಕ್ಕೆ ಇಷ್ಟು ಸುಸ್ತಾ? ಹಾಗಾದ್ರೆ ಜೂನ್‌ನಲ್ಲಿ ನಾನು ಏರಿದ್ದೇ ಇಲ್ವಾ?"

ಜೂನ್‌ನಲ್ಲಿ 20 ದಿನ ಓಡಿದ್ದರು. ದಿನಕ್ಕೆ 17ರ ಹಾಗೆ 340 ಮೀಟರ್. ನೋಟ್‌ಬುಕ್ಕಿನಲ್ಲಿ 3,800ರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ 340 ಬರೆದು, ಮಂಡಿಯ ಅಭ್ಯಾಸದಂತೆ ತಿದ್ದಿದ ಕಡೆ ಸಹಿ ಹಾಕಿದರು. ಈಗ ತಿಂಗಳಿಗೆ ಎರಡು ಭಾನುವಾರ ನಮ್ಮೂರ ಮೆಟ್ಟಿಲಿಗೆ ಬರುತ್ತಾರೆ. ಕೊಬ್ಬರಿ ಎಣ್ಣೆ ಕಾಲಿಗೆ ಮಾತ್ರ. ವಾಚಿಗೆ ವಾರಕ್ಕೊಮ್ಮೆ ನೀರು.

ಮನೆಯಲ್ಲಿದ್ದಾಗ ವಾಚನ್ನು ಅವರು ಈಗ ಒತ್ತಡ ನೋಡಲು ಇಟ್ಟುಕೊಂಡಿದ್ದಾರೆ, ದಿನವೂ ಅದೇ ಹೊತ್ತಿಗೆ. ನವೆಂಬರಿನಲ್ಲಿ ಒಂದು ಸಂಜೆ ಊರಿನ ತೋಟದ ಮನೆಯಿಂದ ಫೋನ್ ಮಾಡಿದರು: "ನಿನ್ನೆ ಇದೇ ಹೊತ್ತಿಗಿಂತ ಮನೆ 11 ಮೀಟರ್ ಮೇಲೆ ಹೋಗಿದೆ ಮಾರಾಯ್ತಿ. ಒತ್ತಡ ಬಿದ್ದಿದೆ. ಮಳೆ ಗ್ಯಾರಂಟಿ." ಅಂಗಳದ ತುಂಬ ಬೇಯಿಸಿದ ಅಡಿಕೆ ಹರವಿತ್ತು. ಅಷ್ಟನ್ನೂ ಕತ್ತಲಾಗುವುದರೊಳಗೆ ಬಾಚಿ, ಚೀಲಕ್ಕೆ ತುಂಬಿ, ಗಂಡ ಹೆಂಡತಿ ಇಬ್ಬರೇ ಒಳಗೆ ಹೊತ್ತು ಹಾಕಿದರು.

ಆ ರಾತ್ರಿ ಒಂದು ಹನಿಯೂ ಬೀಳಲಿಲ್ಲ. ಅಕ್ಕ ಇವತ್ತಿಗೂ ಸೊಂಟ ಹಿಡಿದುಕೊಂಡಾಗೆಲ್ಲ ನನ್ನನ್ನೇ ನೋಡುತ್ತಾಳೆ.